ಪಿಕಪ್ ಟ್ರಕ್ಕಿಗೆ ಟೂಲ್ ಬಾಕ್ಸ್: ಮೊದಲು ಸಲಕರಣೆ, ಆಮೇಲೆ ಗಾಡಿ, ಕೊನೆಗೆ ಪೆಟ್ಟಿಗೆ

"ನನ್ನ ಪಿಕಪ್ಪಿಗೆ ಯಾವ ಟೂಲ್ ಬಾಕ್ಸ್ ಹಾಕಿಸಲಿ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಗಾಡಿ ಯಾವುದು, ಎಷ್ಟು ಹಳೆಯದು ಎಂಬುದನ್ನೆಲ್ಲ ವಿವರವಾಗಿ ಬರೆದಿರುತ್ತಾರೆ. ಪೆಟ್ಟಿಗೆಯೊಳಗೆ ಏನನ್ನು ಇಡುತ್ತಾರೆ, ಅದನ್ನು ದಿನಕ್ಕೆ ಎಷ್ಟು ಸಲ ತೆಗೆಯುತ್ತಾರೆ ಎಂಬುದು ಮಾತ್ರ ಬಿಟ್ಟುಹೋಗಿರುತ್ತದೆ. ಉತ್ತರ ಇರುವುದು ಅಲ್ಲೇ. ಒಂದೇ ಮಾದರಿಯ ಎರಡು ಗಾಡಿಗಳಿದ್ದರೂ ಪ್ಲಂಬರಿಗೆ ಒಪ್ಪುವ ಪೆಟ್ಟಿಗೆ ಬಡಗಿಗೆ ಒಪ್ಪುವುದಿಲ್ಲ.

ಆದ್ದರಿಂದ ಇಲ್ಲಿ ಯಾವ ಕಂಪನಿಯ ಹೆಸರನ್ನೂ ಸೂಚಿಸುವುದಿಲ್ಲ. ಯಾವ ಕ್ರಮದಲ್ಲಿ ಯೋಚಿಸಬೇಕು, ಎಲ್ಲಿ ಎಡವುವುದು ಸುಲಭ ಎಂಬುದನ್ನು ಹೇಳುತ್ತೇನೆ. ಕ್ರಮ ತಪ್ಪಿಸಬೇಡಿ. ಪೆಟ್ಟಿಗೆಯನ್ನು ಮೊದಲು ಇಷ್ಟಪಟ್ಟು ಆಮೇಲೆ ಅಳತೆ ಹಿಡಿಯುವವರೇ ಹೆಚ್ಚಾಗಿ ಅದನ್ನು ಹಿಂದಿರುಗಿಸಲು ಪರದಾಡುತ್ತಾರೆ.

ಕೈಯಲ್ಲಿ ಇರಬೇಕಾದವು: ಅಳತೆ ಟೇಪು, ಮನೆಯಲ್ಲಿ ಮೈತೂಕ ನೋಡುವ ಯಂತ್ರ, ಸೀಮೆಸುಣ್ಣ, ನಾಲ್ಕಾರು ದೊಡ್ಡ ರಟ್ಟಿನ ಹಾಳೆಗಳು, ಗಾಡಿಯ ಕೈಪಿಡಿ ಮತ್ತು ಬರೆದುಕೊಳ್ಳಲು ಒಂದು ಪುಸ್ತಕ.

1. ಸಲಕರಣೆಗಳನ್ನು ನೆಲಕ್ಕೆ ಹರಡಿ

ಈಗ ಗಾಡಿಯಲ್ಲಿ, ಚೀಲದಲ್ಲಿ, ಸೀಟಿನ ಹಿಂದೆ ಇರುವುದನ್ನೆಲ್ಲ ಹೊರಗೆ ತೆಗೆದು ಮೂರು ಗುಂಪು ಮಾಡಿ. ದಿನಕ್ಕೆ ಹತ್ತು ಸಲ ಕೈಗೆ ಬೇಕಾಗುವವು ಒಂದು ಗುಂಪು: ಸುತ್ತಿಗೆ, ಇಕ್ಕಳ, ಸ್ಪ್ಯಾನರ್, ಡ್ರಿಲ್ಲು. ದಿನಕ್ಕೊಮ್ಮೆ ಬೇಕಾಗುವ ಗ್ರೈಂಡರ್, ಎಕ್ಸ್‌ಟೆನ್ಷನ್ ವೈರು, ರಸಮಟ್ಟದಂಥವು ಎರಡನೆಯದು. ತಿಂಗಳಿಗೊಮ್ಮೆ ಬೇಕಾಗುವ ಸರಪಳಿ, ಜಾಕು, ಹಗ್ಗದಂಥವು ಮೂರನೆಯದು.

ನಾಲ್ಕನೆಯ ಗುಂಪು ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ವರ್ಷದಿಂದ ಮುಟ್ಟದ, ಆದರೂ ಗಾಡಿಯ ಮೇಲೆ ಊರೆಲ್ಲ ಸುತ್ತುತ್ತಿರುವ ಸಾಮಾನು ಅದು. ಅದನ್ನು ಮನೆಯಲ್ಲಿ ಬಿಡಿ. ಹೀಗೆ ಹರಡಿ ನೋಡಿದಾಗ, ದೊಡ್ಡ ಪೆಟ್ಟಿಗೆಯೇ ಬೇಕು ಎಂದುಕೊಂಡಿದ್ದವರಿಗೆ ಮಧ್ಯಮ ಗಾತ್ರದ್ದೇ ಸಾಕು ಅನ್ನಿಸುವುದುಂಟು.

ಅತಿ ಉದ್ದದ ವಸ್ತುವಿನ ಅಳತೆಯನ್ನು ಬರೆದುಕೊಳ್ಳಿ. ರಸಮಟ್ಟ 120 ಸೆಂಟಿಮೀಟರ್ ಇದ್ದರೆ ಪೆಟ್ಟಿಗೆಯ ಒಳ ಉದ್ದ ಅದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಆದರೂ ಹೆಚ್ಚಿರಬೇಕು. ಎಚ್ಚರ: ಜಾಹೀರಾತಿನಲ್ಲಿರುವುದು ಹೆಚ್ಚಾಗಿ ಹೊರ ಅಳತೆ. ಕೆಲವು ಪೆಟ್ಟಿಗೆಗಳ ತಳ ಮೇಲ್ಭಾಗಕ್ಕಿಂತ ಕಿರಿದಾಗಿರುತ್ತದೆ. ತಳದ ಒಳ ಉದ್ದವನ್ನು ಪ್ರತ್ಯೇಕವಾಗಿ ಕೇಳಿ ತಿಳಿದುಕೊಳ್ಳಿ.

2. ತೂಕದ ಲೆಕ್ಕ ಹಾಕಿ

ಈ ಹಂತವನ್ನು ಹೆಚ್ಚಿನವರು ಹಾರಿಸುತ್ತಾರೆ, ನಾನು ಅತಿ ಹೆಚ್ಚು ಒತ್ತಿ ಹೇಳಬೇಕೆಂದಿರುವುದೂ ಇದನ್ನೇ. ಪ್ರತಿ ಗಾಡಿಗೂ ಜಿವಿಡಬ್ಲ್ಯು ಎಂಬ ಮಿತಿ ಇರುತ್ತದೆ. ಗಾಡಿ, ಇಂಧನ, ಜನ, ಸರಕು ಎಲ್ಲ ಸೇರಿ ದಾಟಬಾರದ ಗರಿಷ್ಠ ತೂಕ ಅದು. ಚಾಲಕನ ಬಾಗಿಲು ತೆರೆದರೆ ಕಾಣುವ ಪಟ್ಟಿಯಲ್ಲೋ ಕೈಪಿಡಿಯಲ್ಲೋ ಅದು ಸಿಗುತ್ತದೆ. ಅದರಿಂದ ಖಾಲಿ ಗಾಡಿಯ ತೂಕವನ್ನು ಕಳೆದರೆ ಉಳಿಯುವುದು ಪೇಲೋಡ್, ಅಂದರೆ ನೀವು ಹೇರಬಹುದಾದ ತೂಕ. ನಿಮ್ಮ ಪೆಟ್ಟಿಗೆ ಈ ಪೇಲೋಡನ್ನು ಪ್ರತಿದಿನವೂ ತಿನ್ನುತ್ತದೆ. ಸರಕು ಇಳಿಸಿದ ಮೇಲೂ ಅದು ಇಳಿಯುವುದಿಲ್ಲ.

ಒಂದು ಉದಾಹರಣೆ ನೋಡೋಣ. ಜಿವಿಡಬ್ಲ್ಯು 2,950 ಕೆಜಿ, ಖಾಲಿ ಗಾಡಿ 2,050 ಕೆಜಿ ಎಂದಿಟ್ಟುಕೊಳ್ಳಿ. ಪೇಲೋಡ್ 900 ಕೆಜಿ. ಇಬ್ಬರು ಕೂತರೆ 150 ಹೋಯಿತು. ಪೆಟ್ಟಿಗೆಗೆ 45, ಅದರೊಳಗಿನ ಸಲಕರಣೆಗೆ 160, ಏಣಿ ಮತ್ತು ಅದರ ಸ್ಟ್ಯಾಂಡಿಗೆ 60. ಉಳಿದದ್ದು 485. ಇನ್ನು 50 ಕೆಜಿ ಮೂಟೆಗಳಲ್ಲಿ ಒಂಬತ್ತನ್ನು ಹೇರಬಹುದು, ಹತ್ತನೆಯದಕ್ಕೆ ಜಾಗವಿದ್ದರೂ ತೂಕದ ಮಿತಿ ಇಲ್ಲ. ಕೆಲವು ಕೈಪಿಡಿಗಳು ಖಾಲಿ ತೂಕದಲ್ಲೇ ಚಾಲಕನ 75 ಕೆಜಿಯನ್ನು ಸೇರಿಸಿರುತ್ತವೆ, ಗಮನಿಸಿ. ಲೆಕ್ಕ ಅಂಚಿಗೆ ಬಂದಿದ್ದರೆ ಗಾಡಿಯನ್ನು ತೂಕಸೇತುವೆಯ ಮೇಲೆ ನಿಲ್ಲಿಸಿ ನೋಡುವುದೇ ಸರಿ.

ಸಲಕರಣೆಯನ್ನು ತೂಗಲು ಮೈತೂಕದ ಯಂತ್ರ ಸಾಕು. ಚೀಲ ಹಿಡಿದು ನಿಂತು ನೋಡಿ, ಬರಿಗೈಯಲ್ಲಿ ನಿಂತು ನೋಡಿ, ಕಳೆಯಿರಿ. ಸಾಕೆಟ್ ಸೆಟ್ಟು, ಸರಪಳಿ, ಮೊಳೆಯ ಡಬ್ಬಿಗಳ ಮುಂದೆ ನಿಮ್ಮ ಅಂದಾಜು ಸೋಲುತ್ತದೆ.

ತೂಕ ಎಷ್ಟು ಎಂಬುದರ ಜೊತೆ ಎಲ್ಲಿ ಎಂಬುದೂ ಮುಖ್ಯ. ಭಾರವಾದದ್ದು ಕ್ಯಾಬಿನ್ನಿನ ಬೆನ್ನಿಗೆ ಹತ್ತಿರ, ತಳಕ್ಕೆ ಹತ್ತಿರ ಇರಬೇಕು. ಹಿಂದಿನ ಆಕ್ಸಲ್‌ನಿಂದಾಚೆ, ಹಿಂಬಾಗಿಲ ಬಳಿ ಭಾರ ಹೇರಿದರೆ ಅದು ಸನ್ನೆಗೋಲಿನಂತೆ ಗಾಡಿಯ ಮೂತಿಯನ್ನು ಎತ್ತುತ್ತದೆ. ಮುಂದಿನ ಚಕ್ರಗಳ ಹಿಡಿತ ಸಡಿಲಾಗುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ, ರಾತ್ರಿ ನಿಮ್ಮ ಹೆಡ್‌ಲೈಟು ಎದುರು ಬರುವವರ ಕಣ್ಣಿಗೆ ಬೀಳುತ್ತದೆ.

3. ಗಾಡಿಯ ಅಳತೆ, ಮುಚ್ಚಳ ತೆರೆದ ಅಳತೆ

ಲೋಡ್ ಬಾಡಿಯ, ಅಂದರೆ ಕ್ಯಾಬಿನ್ನಿನ ಹಿಂದೆ ಸರಕು ಹೇರುವ ಭಾಗದ, ಐದು ಅಳತೆಗಳು ಬೇಕು: ಒಳ ಉದ್ದ, ಪಕ್ಕದ ಗೋಡೆಗಳ ಮೇಲಂಚಿನ ನಡುವಿನ ಅಗಲ, ಚಕ್ರದ ಉಬ್ಬುಗಳ ನಡುವಿನ ಅಗಲ, ನೆಲದಿಂದ ಮೇಲಂಚಿನವರೆಗಿನ ಆಳ, ಮತ್ತು ಮೇಲಂಚಿನ ದಪ್ಪ. ಬಾಡಿಯ ಗೋಡೆಗಳು ಎಲ್ಲ ಕಡೆ ಒಂದೇ ನೇರದಲ್ಲಿ ಇರುವುದಿಲ್ಲ. ಆದ್ದರಿಂದ ಅಗಲವನ್ನು ಮುಂದೆ, ನಡುವೆ, ಹಿಂದೆ ಮೂರು ಕಡೆ ಅಳೆದು ಚಿಕ್ಕದನ್ನು ಹಿಡಿಯಿರಿ.

ಎಂಟು ಅಡಿಗೆ ನಾಲ್ಕು ಅಡಿಯ ಪ್ಲೈವುಡ್ ಸಾಗಿಸುವ ಕೆಲಸ ನಿಮ್ಮದಾಗಿದ್ದರೆ ಇನ್ನೊಂದು ಲೆಕ್ಕವಿದೆ. ಆ ಹಾಳೆ 1,220 ಮಿಲಿಮೀಟರ್ ಅಗಲ, 2,440 ಮಿಲಿಮೀಟರ್ ಉದ್ದ. ಪೆಟ್ಟಿಗೆ ಕೂತ ಮೇಲೂ ಅದು ಮಲಗಬೇಕು. ಅಡ್ಡಲಾಗಿ ಕೂರುವ ಪೆಟ್ಟಿಗೆಯ ತಳ ಬಾಡಿಯ ನೆಲದಿಂದ ಒಂದು ಗೇಣಾದರೂ ಮೇಲಿದ್ದರೆ ಹಾಳೆಯನ್ನು ಅದರಡಿಗೆ ನುಗ್ಗಿಸಬಹುದು. ಪೆಟ್ಟಿಗೆಯ ಆಳವನ್ನು ನಿರ್ಧರಿಸುವಾಗ ಈ ಸಂದಿಯನ್ನು ಮರೆಯಬೇಡಿ.

ಈಗ ಬಹಳ ಮಂದಿ ಬೀಳುವ ಗುಂಡಿಗೆ ಬರೋಣ. ಮುಚ್ಚಿದ ಪೆಟ್ಟಿಗೆ ಸರಿಯಾಗಿ ಕೂರುತ್ತದೆ, ತೆರೆದಾಗ ಮುಚ್ಚಳ ಕ್ಯಾಬಿನ್ನಿನ ಹಿಂದಿನ ಗಾಜಿಗೋ ಚಾವಣಿಯ ಅಂಚಿಗೋ ಬಡಿಯುತ್ತದೆ. ಏಣಿಯ ಸ್ಟ್ಯಾಂಡು ಇದ್ದರೆ ಅದರ ಅಡ್ಡಪಟ್ಟಿಗೆ ತಾಗುತ್ತದೆ. ಬಾಡಿಯ ಮೇಲೆ ಮಡಚುವ ಹೊದಿಕೆ ಇದ್ದರೆ ಪೆಟ್ಟಿಗೆಯನ್ನೂ ಅದನ್ನೂ ಒಟ್ಟಿಗೆ ಇಡಲಾಗದೆಯೂ ಹೋಗಬಹುದು. ಹೀಗಾಗಿ ಮುಚ್ಚಳ ಪೂರ್ತಿ ತೆರೆದಾಗಿನ ಎತ್ತರವನ್ನೂ ಅದು ಹಿಂದಕ್ಕೆ ಚಾಚುವ ದೂರವನ್ನೂ ಕೇಳಿ ಬರೆದುಕೊಳ್ಳಿ. ಚಾಲಕನ ಸೀಟಿನಲ್ಲಿ ಕೂತು ಹಿಂದಿನ ಗಾಜಿನ ಮೂಲಕ ಎಷ್ಟು ಕಾಣಬೇಕೋ ಅಲ್ಲಿಗೆ ಸೀಮೆಸುಣ್ಣದಿಂದ ಗೆರೆ ಎಳೆದುಬಿಡಿ. ಮುಚ್ಚಿದ ಪೆಟ್ಟಿಗೆ ಆ ಗೆರೆ ದಾಟಬಾರದು. ಕ್ಯಾಬಿನ್ನಿನ ಮೇಲಿರುವ ಮೂರನೆಯ ಬ್ರೇಕ್ ದೀಪವನ್ನೂ ಅದು ಮರೆಮಾಡಬಾರದು.

4. ಬಗೆಯನ್ನು ಆರಿಸಿ

ಅಡ್ಡ ಪೆಟ್ಟಿಗೆ ಕ್ಯಾಬಿನ್ನಿನ ಹಿಂದೆ, ಎರಡೂ ಪಕ್ಕದ ಗೋಡೆಗಳ ಮೇಲೆ ಸೇತುವೆಯಂತೆ ಕೂರುತ್ತದೆ. ಭಾರ ಸರಿಯಾದ ಜಾಗದಲ್ಲಿರುತ್ತದೆ, ಬಾಡಿಯ ನೆಲ ಬಹುಪಾಲು ಖಾಲಿ ಉಳಿಯುತ್ತದೆ. ಇದರ ದೋಷ ನಡುಭಾಗ. ಪಕ್ಕದಲ್ಲಿ ನಿಂತು ಕೈ ಚಾಚಿದರೆ ನಡುವಿನ ಸಾಮಾನು ಸಿಗುವುದಿಲ್ಲ, ಎತ್ತರದ ಗಾಡಿಯಾದರಂತೂ ಪ್ರತಿ ಸಲವೂ ಹತ್ತಿ ಇಳಿಯಬೇಕು. ಮುಚ್ಚಳ ಒಂದೇ ಹಲಗೆಯಾಗಿ ಮೇಲೇಳುವುದೂ ಉಂಟು, ಎರಡು ತುಂಡಾಗಿ ಹಕ್ಕಿಯ ರೆಕ್ಕೆಯಂತೆ ಎಡಕ್ಕೆ ಬಲಕ್ಕೆ ತೆರೆಯುವುದೂ ಉಂಟು. ನೀವು ನೆಲದ ಮೇಲೆ ನಿಂತು ಬಳಸುವವರಾದರೆ ರೆಕ್ಕೆಯದು ಅನುಕೂಲ. ಉದ್ದದ ವಸ್ತುಗಳನ್ನು ಹಾಕಿ ತೆಗೆಯುವವರಿಗೆ ಒಂಟಿ ಮುಚ್ಚಳ ವಾಸಿ, ಏಕೆಂದರೆ ರೆಕ್ಕೆಯ ನಡುವಿನ ಪಟ್ಟಿ ಅಡ್ಡ ಬರುತ್ತದೆ.

ಪಕ್ಕದ ಪೆಟ್ಟಿಗೆ ಬಾಡಿಯ ಗೋಡೆಯ ಉದ್ದಕ್ಕೂ ಮೇಲಂಚಿನ ಮೇಲೆ ಕೂರುತ್ತದೆ, ಬಾಗಿಲು ಹೊರಕ್ಕೆ ತೆರೆಯುತ್ತದೆ. ದಿನಕ್ಕೆ ಹತ್ತು ಸಲ ಬೇಕಾಗುವ ಗುಂಪು ನಿಮ್ಮಲ್ಲಿ ದೊಡ್ಡದಾಗಿದ್ದರೆ ಇದಕ್ಕಿಂತ ಸುಖವಾದ ಏರ್ಪಾಡು ಇಲ್ಲ. ನಿಂತಲ್ಲೇ ಎದೆಮಟ್ಟದಲ್ಲಿ ಎಲ್ಲವೂ ಕಾಣುತ್ತದೆ. ಆದರೆ ಭಾರ ಮೇಲಕ್ಕೆ ಹೋಗುತ್ತದೆ, ಬಾಡಿಗೆ ಪಕ್ಕದಿಂದ ಸರಕು ಹೇರುವುದು ಕಷ್ಟವಾಗುತ್ತದೆ. ಒಂದೇ ಪಕ್ಕಕ್ಕೆ ಹಾಕಿದರೆ ಗಾಡಿ ಆ ಕಡೆಗೆ ವಾಲುತ್ತದೆ. ಎರಡೂ ಪಕ್ಕಕ್ಕೆ ಹಾಕಿ, ಭಾರವನ್ನು ಹಂಚಿ.

ಡ್ರಾಯರ್ ಏರ್ಪಾಡಿನಲ್ಲಿ ಬಾಡಿಯ ನೆಲವನ್ನೇ ಒಂದು ಅಂತಸ್ತು ಎತ್ತರಿಸಿ, ಕೆಳಗೆ ಹಿಂಬಾಗಿಲ ಕಡೆ ಎಳೆಯುವ ಉದ್ದನೆಯ ಡ್ರಾಯರುಗಳನ್ನು ಇಡುತ್ತಾರೆ. ಕೆಲಸದ ಸಲಕರಣೆ ಬಗ್ಗೆ ಅಚ್ಚುಕಟ್ಟು ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ತೂಕ ತಳದಲ್ಲಿರುತ್ತದೆ, ಹೊರಗಿನಿಂದ ನೋಡುವವರಿಗೆ ಸಲಕರಣೆ ಇದೆ ಎಂಬುದೇ ತಿಳಿಯುವುದಿಲ್ಲ. ಏರ್ಪಾಡಿನ ಎತ್ತರ ಚಕ್ರದ ಉಬ್ಬಿಗೆ ಸಮನಾಗಿದ್ದರೆ ಮೇಲೆ ಸಪಾಟಾದ ಅಟ್ಟವೂ ಸಿಗುತ್ತದೆ. ಆದರೆ ಇದು ಸ್ವತಃ ಭಾರ, ಬಾಡಿಯ ಆಳವನ್ನೂ ಕಡಿಮೆ ಮಾಡುತ್ತದೆ. ಪೂರ್ತಿ ಎಳೆದ ಡ್ರಾಯರು ಎಷ್ಟು ಕೆಜಿ ತಡೆಯುತ್ತದೆ, ಎಳೆದ ಜಾಗದಲ್ಲೇ ನಿಲ್ಲುವ ಕೊಕ್ಕೆ ಇದೆಯೇ ಎಂಬುದನ್ನು ಕೇಳಿ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದಾಗ ಕೊಕ್ಕೆಯಿಲ್ಲದ ಭಾರದ ಡ್ರಾಯರು ಬೆರಳನ್ನು ಜಜ್ಜುತ್ತದೆ.

ಬಾಡಿಯ ನೆಲದ ಮೇಲೆ ಇಡುವ ಪೆಟ್ಟಾರಿ, ಚಕ್ರದ ಉಬ್ಬಿನ ಪಕ್ಕದ ಮೂಲೆಯಲ್ಲಿ ಕೂರುವ ಸಣ್ಣ ಪೆಟ್ಟಿಗೆ ಇವೂ ಇವೆ. ಮೂರನೆಯ ಗುಂಪಿನ ಸಾಮಾನಿಗೆ ಇವು ಸಾಕು. ಬಾಡಿಯಡಿ ಚಾಸಿಗೆ ತೂಗುಹಾಕುವ ಪೆಟ್ಟಿಗೆ ಚಪ್ಪಟೆ ಬಾಡಿಯ ಗಾಡಿಗಳಿಗೆ ಸರಿ, ಮಾಮೂಲಿ ಪಿಕಪ್ಪಿನಲ್ಲಿ ಅದಕ್ಕೆ ಜಾಗವಿರುವುದು ಕಡಿಮೆ. ಹಾಕಿಸುವುದೇ ಆದರೆ ಸೈಲೆನ್ಸರ್ ಕೊಳವೆಯಿಂದ ದೂರವಿರಲಿ, ಚಾಸಿಗೆ ಬೆಸುಗೆ ಹಾಕಲು ಬಿಡಬೇಡಿ.

5. ರಟ್ಟಿನ ಪೆಟ್ಟಿಗೆ ಮಾಡಿ ನೋಡಿ

ಆರಿಸಿದ ಗಾತ್ರಕ್ಕೆ ಸರಿಯಾಗಿ ರಟ್ಟನ್ನು ಕತ್ತರಿಸಿ, ಅಂಟುಪಟ್ಟಿ ಸುತ್ತಿ, ಪೆಟ್ಟಿಗೆ ಕೂರಬೇಕಾದ ಜಾಗದಲ್ಲೇ ಹಗ್ಗದಿಂದ ಕಟ್ಟಿ. ಗಾಡಿಯನ್ನು ನಿಲ್ಲಿಸಿಕೊಂಡು ಅದರ ಸುತ್ತ ಅರ್ಧ ದಿನ ಕೆಲಸ ಮಾಡಿ. ಏಣಿ ಇಳಿಸಿ, ಮೂಟೆ ಹೇರಿ, ಡ್ರಿಲ್ಲು ತೆಗೆದು ಇಡಿ. ಮೊಣಕೈ ಎಲ್ಲಿ ತಾಗುತ್ತದೆ, ಎಲ್ಲಿ ತುದಿಗಾಲಲ್ಲಿ ನಿಲ್ಲಬೇಕಾಗುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ರಟ್ಟಿನ ಮೂಲೆ ಜಜ್ಜಿಹೋಗಿದ್ದರೆ ಅದೇ ಜಾಗದಲ್ಲಿ ನಾಳೆ ನಿಮ್ಮ ಪಕ್ಕೆಲುಬು ಬಡಿಯುತ್ತದೆ. ಗಾತ್ರ ಬದಲಿಸಲು ಇದಕ್ಕಿಂತ ಅಗ್ಗದ ಸಮಯ ಮತ್ತೆ ಬರುವುದಿಲ್ಲ.

6. ಯಾವ ಲೋಹ, ಎಷ್ಟು ದಪ್ಪ

ಲೆಕ್ಕವನ್ನೇ ನೋಡಿ. ಒಂದೂವರೆ ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 45 ಸೆಂಟಿಮೀಟರ್ ಆಳದ ಪೆಟ್ಟಿಗೆಗೆ ಸುಮಾರು 3.3 ಚದರ ಮೀಟರ್ ತಗಡು ಬೇಕು. 2 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಆದರೆ ತಗಡಿನ ತೂಕ ಸುಮಾರು 18 ಕೆಜಿ. 1.5 ಮಿಲಿಮೀಟರ್ ಉಕ್ಕಾದರೆ ಸುಮಾರು 39 ಕೆಜಿ. ಕೀಲು, ಬೀಗ, ಒಳಪಟ್ಟಿಗಳು ಬೇರೆ. ಎರಡನೆಯ ಹಂತದಲ್ಲಿ ನಿಮಗೆ ತೂಕದ ಇಕ್ಕಟ್ಟು ಕಂಡಿದ್ದರೆ ಅಲ್ಯುಮಿನಿಯಂ ಕಡೆ ಹೋಗಿ.

ಉಕ್ಕು ಗಟ್ಟಿ, ಮೀಟುಗೋಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಅದರ ಆಯುಷ್ಯ ಬಣ್ಣದ ಆಯುಷ್ಯದಷ್ಟೇ. ಪೌಡರ್ ಕೋಟಿಂಗ್, ಅಂದರೆ ಪುಡಿಯನ್ನು ಸಿಂಪಡಿಸಿ ಬಿಸಿಯಲ್ಲಿ ಕರಗಿಸಿ ಹಿಡಿಸಿದ ಬಣ್ಣ, ಒಳಮೈಗೂ ಆಗಿದೆಯೇ ನೋಡಿ. ತುಕ್ಕು ಶುರುವಾಗುವುದು ಹೆಚ್ಚಾಗಿ ಒಳಗಿನ ಮೂಲೆಯಲ್ಲಿ. ಅಲ್ಯುಮಿನಿಯಂ ಕೆಂಪು ತುಕ್ಕು ಹಿಡಿಯುವುದಿಲ್ಲ, ಬೇಗ ನೆಗ್ಗುತ್ತದೆ. ಪ್ಲಾಸ್ಟಿಕ್ ಹಗುರ, ತುಕ್ಕಿನ ಭಯವಿಲ್ಲ, ಆದರೆ ಬೆಲೆಬಾಳುವ ಸಲಕರಣೆಯನ್ನು ಅದರಲ್ಲಿಟ್ಟು ರಾತ್ರಿ ಬೀದಿಯಲ್ಲಿ ಗಾಡಿ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ.

ದಪ್ಪವನ್ನು ಗೇಜಿನಲ್ಲಿ ಹೇಳುವ ರೂಢಿಯಿದೆ. ಇದರಲ್ಲಿ ಎರಡು ಮೋಸಗಳು ಅಡಗಿವೆ. ಗೇಜಿನ ಸಂಖ್ಯೆ ಏರಿದಂತೆ ತಗಡು ತೆಳುವಾಗುತ್ತದೆ: ಉಕ್ಕಿನಲ್ಲಿ 14 ಗೇಜ್ ಎಂದರೆ ಸುಮಾರು 1.9 ಮಿಲಿಮೀಟರ್, 18 ಗೇಜ್ ಎಂದರೆ ಸುಮಾರು 1.2. ಅಲ್ಲದೆ ಒಂದೇ ಸಂಖ್ಯೆ ಎರಡು ಲೋಹಗಳಲ್ಲಿ ಒಂದೇ ದಪ್ಪವಲ್ಲ, 14 ಗೇಜಿನ ಅಲ್ಯುಮಿನಿಯಂ ಸುಮಾರು 1.6 ಮಿಲಿಮೀಟರ್ ಮಾತ್ರ. ಆದ್ದರಿಂದ ಮಿಲಿಮೀಟರಿನಲ್ಲೇ ಕೇಳಿ. ಉಬ್ಬುಚಿತ್ತಾರದ ತಗಡಾದರೆ ಉಬ್ಬನ್ನು ಬಿಟ್ಟು ತಳದ ದಪ್ಪವನ್ನು ಕೇಳಿ.

7. ಮುಚ್ಚಳ, ರಬ್ಬರು, ಬೀಗ

ಅಂಗಡಿಯಲ್ಲಿ ಪೆಟ್ಟಿಗೆಯ ಮುಂದೆ ನಿಂತಾಗ ಮಾಡಬೇಕಾದ ಪರೀಕ್ಷೆಗಳಿವು. ಒಂದು ಉದ್ದನೆಯ ಕಾಗದದ ಚೂರನ್ನು ಅಂಚಿನ ಮೇಲಿಟ್ಟು ಮುಚ್ಚಳ ಹಾಕಿ, ಬೀಗ ತಿರುಗಿಸಿ, ಕಾಗದವನ್ನು ಎಳೆಯಿರಿ. ಬಿಗಿಯಾಗಿ ಹಿಡಿದಿದ್ದರೆ ಅಲ್ಲಿ ರಬ್ಬರು ಕೂತಿದೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಮಳೆನೀರು ನುಗ್ಗುತ್ತದೆ. ನಾಲ್ಕೂ ಬದಿಗೆ, ಮುಖ್ಯವಾಗಿ ನಾಲ್ಕೂ ಮೂಲೆಗೆ ಹೀಗೆ ಮಾಡಿ. ಕತ್ತಲ ಕೋಣೆ ಸಿಕ್ಕಿದರೆ ಟಾರ್ಚನ್ನು ಹೊತ್ತಿಸಿ ಒಳಗಿಟ್ಟು ಮುಚ್ಚಿ, ಬೆಳಕಿನ ಗೆರೆ ಎಲ್ಲಿ ಹೊರಬರುತ್ತದೆ ನೋಡಿ. ರಬ್ಬರು ನಡುವೆ ಟೊಳ್ಳಿರುವ ಕೊಳವೆಯಂತಿದ್ದರೆ ಒಳ್ಳೆಯದು, ಒತ್ತಿದಾಗ ಅದು ಸಂದಿ ತುಂಬುತ್ತದೆ. ಚಪ್ಪಟೆ ಸ್ಪಂಜಿನ ಪಟ್ಟಿ ಬೇಗ ಚಪ್ಪಟೆಯಾಗಿಯೇ ಉಳಿದುಬಿಡುತ್ತದೆ.

ಬೀಗ ಹಾಕಿ ಮುಚ್ಚಳದ ಮೂಲೆಯನ್ನು ಬೆರಳಿನಿಂದ ಮೇಲಕ್ಕೆತ್ತಿ ನೋಡಿ. ಬೆರಳು ತೂರುವಷ್ಟು ಎದ್ದರೆ ಮೀಟುಗೋಲೂ ತೂರುತ್ತದೆ. ಮುಚ್ಚಳದ ಅಂಚು ಪೆಟ್ಟಿಗೆಯ ಗೋಡೆಯನ್ನು ಹೊರಗಿನಿಂದ ಆವರಿಸಿರಬೇಕು, ಕೀಲು ಉದ್ದಕ್ಕೂ ಇರಬೇಕು, ಅದರ ಸ್ಕ್ರೂಗಳು ಹೊರಗೆ ಕಾಣಬಾರದು. ಚಿಲಕ ಎರಡು ಕಡೆ ಹಿಡಿಯಬೇಕು. ಒಂದೇ ಹಿಡಿಯಿಂದ ಸರಳಿನ ಮೂಲಕ ಎರಡೂ ಚಿಲಕ ಎಳೆಯುವ ಏರ್ಪಾಡಿದ್ದರೆ ಅದು ಎರಡೂ ಬದಿ ನಿಜಕ್ಕೂ ಕಚ್ಚಿದೆಯೇ ಎಂದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಕುಲುಕಾಟಕ್ಕೆ ಸರಳು ಸಡಿಲಾಗಿ ಒಂದು ಬದಿ ಮಾತ್ರ ಹಿಡಿಯುವುದು ಸಾಮಾನ್ಯ.

ಮುಚ್ಚಳವನ್ನು ಎತ್ತಿ ನಿಲ್ಲಿಸುವ ಗ್ಯಾಸ್ ಸ್ಟ್ರಟ್, ಅಂದರೆ ಅನಿಲ ತುಂಬಿದ ಊರುಗೋಲು, ಕಾಲಕ್ರಮೇಣ ಸೋಲುತ್ತದೆ, ಚಳಿಯಲ್ಲಿ ಇನ್ನೂ ಬೇಗ. ಬದಲಿ ಸಿಗುವ ಮಾಮೂಲಿ ಅಳತೆಯದೇ ಎಂದು ಕೇಳಿ.

8. ಕೂರಿಸುವುದು

ಅಡ್ಡ ಪೆಟ್ಟಿಗೆಯನ್ನು ಕೂರಿಸಲು ಬಾಡಿಗೆ ತೂತು ಕೊರೆಯಲೇಬೇಕೆಂದಿಲ್ಲ. ಇಂಗ್ಲಿಷಿನ ಜೆ ಅಕ್ಷರದಂತೆ ಬಾಗಿದ ಬೋಲ್ಟು ಪೆಟ್ಟಿಗೆಯ ತಳದಿಂದ ಇಳಿದು ಮೇಲಂಚಿನ ಒಳತುಟಿಯನ್ನು ಕೊಕ್ಕೆಯಂತೆ ಹಿಡಿಯುತ್ತದೆ, ನಟ್ಟು ಪೆಟ್ಟಿಗೆಯ ಒಳಗೆ ಬರುತ್ತದೆ. ಹೀಗಾದರೆ ಬೀಗ ತೆಗೆಯದೆ ಪೆಟ್ಟಿಗೆಯನ್ನು ಯಾರೂ ಬಿಚ್ಚಲಾರರು. ನಟ್ಟು ಹೊರಗೆ ಬರುವಂತೆ ಕೂರಿಸಿದ್ದರೆ ಬದಲಿಸಿಕೊಡಿ ಎಂದು ಹಟ ಹಿಡಿಯಿರಿ.

ಲೋಹ ಲೋಹಕ್ಕೆ ನೇರವಾಗಿ ತಾಗಬಾರದು. ಅಲ್ಯುಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ಉಪ್ಪು ಬೆರೆತ ತೇವ ಸೇರಿದರೆ ಸಣ್ಣ ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯುಮಿನಿಯಂ ಸವೆಯುತ್ತದೆ. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಅದೇ ಗುರುತು. ಮೇಲಂಚಿನ ಮೇಲೆ ರಬ್ಬರು ಪಟ್ಟಿ ಹಾಸಿ, ಬೋಲ್ಟಿಗೆ ನೈಲಾನ್ ವಾಷರ್ ಹಾಕಿ. ಪಟ್ಟಿ ಬಾಡಿಯ ಬಣ್ಣವನ್ನೂ ಉಳಿಸುತ್ತದೆ, ಗಡಗಡ ಸದ್ದನ್ನೂ ನುಂಗುತ್ತದೆ. ಬಾಡಿಯೇ ಅಲ್ಯುಮಿನಿಯಮ್ಮಿನದೋ ಫೈಬರಿನದೋ ಆಗಿದ್ದರೆ ನಟ್ಟನ್ನು ಅತಿಯಾಗಿ ಬಿಗಿಯಬೇಡಿ, ಅಗಲದ ಒತ್ತುಪಟ್ಟಿ ಕೊಟ್ಟು ಭಾರ ಹರಡಿ.

ಕೂರಿಸಿದ ಮೇಲೆ ನೂರು ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಮತ್ತೆ ಬಿಗಿಯಿರಿ. ರಬ್ಬರು ಒತ್ತಿಕೊಂಡು ಅವು ಸಡಿಲಾಗಿರುತ್ತವೆ. ಆಮೇಲೆ ತಿಂಗಳಿಗೊಮ್ಮೆ ಕೈಯಾಡಿಸಿದರೆ ಸಾಕು.

9. ಒಳಗೆ ಏನು, ಹೇಗೆ

ತಳಕ್ಕೆ ದಪ್ಪ ರಬ್ಬರು ಚಾಪೆ ಹಾಸಿ. ಭಾರದ್ದು ತಳಕ್ಕೆ, ದಿನವೂ ಬೇಕಾದದ್ದು ಬಾಗಿಲ ಬದಿಯ ತಟ್ಟೆಗೆ, ತಿಂಗಳಿಗೊಮ್ಮೆಯದು ಕೈಗೆಟುಕದ ನಡುಭಾಗಕ್ಕೆ. ಯಾವುದೂ ಸಡಿಲವಾಗಿ ಉರುಳಬಾರದು. ಉರುಳುವ ಸುತ್ತಿಗೆ ಒಂದು ವರ್ಷದಲ್ಲಿ ರಸಮಟ್ಟವನ್ನೂ ಪೆಟ್ಟಿಗೆಯ ಮೂಲೆಯನ್ನೂ ಹಾಳುಮಾಡುತ್ತದೆ.

ಎಷ್ಟೇ ಬಿಗಿಯಾದ ಪೆಟ್ಟಿಗೆಯಾದರೂ ಹಗಲು ಕಾದು ರಾತ್ರಿ ತಣಿಯುವಾಗ ಒಳಗಿನ ಗಾಳಿಯ ತೇವ ಹನಿಗಟ್ಟುತ್ತದೆ. ಸಿಲಿಕಾ ಜೆಲ್ ಚೀಲ ಇಡಿ, ಅದು ತೇವ ಹೀರುವ ಹರಳು. ಒದ್ದೆ ಸಲಕರಣೆಯನ್ನು ಒರೆಸದೆ ಒಳಗೆ ಹಾಕಬೇಡಿ. ತಳದಲ್ಲಿ ನೀರು ಹೋಗುವ ತೂತಿದ್ದರೆ ಅದಕ್ಕೆ ರಬ್ಬರು ಬಿರಡೆ ಇರಲಿ, ತೊಳೆದಾಗ ತೆಗೆಯಿರಿ.

ಬಿಸಿಲಲ್ಲಿ ನಿಂತ ಮುಚ್ಚಿದ ಪೆಟ್ಟಿಗೆ ಹೊರಗಿನ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಡ್ರಿಲ್ಲಿನ ಲಿಥಿಯಂ ಬ್ಯಾಟರಿಗಳನ್ನು ಅದರಲ್ಲಿ ದಿನವಿಡೀ ಬಿಡಬೇಡಿ, ಕ್ಯಾಬಿನ್ನಿನ ನೆರಳಲ್ಲಿ ಇಟ್ಟುಕೊಂಡು ರಾತ್ರಿ ಮನೆಯೊಳಕ್ಕೆ ಒಯ್ಯಿರಿ. ಶೂನ್ಯ ಡಿಗ್ರಿಗಿಂತ ತಣ್ಣಗಾದ ಬ್ಯಾಟರಿಯನ್ನು ಹಾಗೆಯೇ ಚಾರ್ಜಿಗೆ ಹಾಕುವುದೂ ಅದಕ್ಕೆ ಕೆಡುಕು, ಮೊದಲು ಕೋಣೆಯ ಬಿಸಿಗೆ ಬರಲಿ. ಅಂಟಿನ ಡಬ್ಬಿ, ಸ್ಪ್ರೇ ಡಬ್ಬಿಗಳ ಮೇಲೆ ಬರೆದಿರುವ ಶಾಖದ ಮಿತಿಯನ್ನು ಓದಿ.

ಗ್ಯಾಸ್ ಸಿಲಿಂಡರ್ ಮತ್ತು ಪೆಟ್ರೋಲ್ ಕ್ಯಾನನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಎಂದಿಗೂ ಇಡಬೇಡಿ. ಅಡುಗೆಗೂ ಬೆಸುಗೆಗೂ ಬಳಸುವ ಪ್ರೊಪೇನ್ ಗಾಳಿಗಿಂತ ಭಾರ, ಸಣ್ಣಗೆ ಸೋರಿದರೂ ಪೆಟ್ಟಿಗೆಯ ತಳದಲ್ಲಿ ಶೇಖರವಾಗುತ್ತದೆ. ಅಸಿಟಿಲಿನ್ ಗಾಳಿಯೊಡನೆ ಅತಿ ಕಡಿಮೆ ಬೆರೆತರೂ ಸಿಡಿಯಬಲ್ಲದು. ಮುಚ್ಚಳ ತೆರೆಯುವ ಹೊತ್ತಿಗೆ ಬೀಗದ ಕಿಡಿಯೋ ಒಳಗಿನ ದೀಪದ ಸ್ವಿಚ್ಚೋ ಸಾಕು. ಇವು ತೆರೆದ ಬಾಡಿಯಲ್ಲಿ, ನೆಟ್ಟಗೆ, ಕವಾಟ ಮುಚ್ಚಿ, ತಲೆಗೆ ಟೊಪ್ಪಿ ಹಾಕಿ, ಪಟ್ಟಿಯಿಂದ ಬಿಗಿದು ಸಾಗಬೇಕು. ಕೆಲಸ ಮುಗಿದ ದಿನವೇ ಇಳಿಸಿಬಿಡಬೇಕು.